ಕಡೀಕ್ ಹೇಳಿದ್ದೇನು?

ಆ ಟೌನ್‌ಹಾಲ್ ಮೀಟಿಂಗ್ 38 ನಿಮಿಷ ನಡೆಯಿತು. ನಿಮಿಷದ ಲೆಕ್ಕ ಇಷ್ಟು ಸರಿಯಾಗಿ ನೆನಪಿರೋದಕ್ಕೆ ಕಾರಣ ಇದೆ. ಅವತ್ತು ನಮ್ಮ ವಿಭಾಗದ ಮುಖ್ಯಸ್ಥರು ಮಾಡಿದ ಭಾಷಣವನ್ನು ಬರೆದುಕೊಟ್ಟವನು ನಾನೇ.

ಮೇಲಿನಿಂದ ಬಂದ ಸೂಚನೆ ಒಂದೇ: "ಯಾರಿಗೂ ಗಾಬರಿ ಆಗಬಾರದು." ಹಾಗಾಗಿ ನಾನು ಗಾಬರಿ ಆಗದ ಹಾಗೆ ಬರೆದೆ. ಮಾರುಕಟ್ಟೆ ಬದಲಾಗುತ್ತಿದೆ ಅಂತ ಶುರು ಮಾಡಿ, ನಮ್ಮ ಪಯಣ ಎಷ್ಟು ರೋಚಕವಾಗಿತ್ತು ಅಂತ ನೆನಪಿಸಿ, ಮುಂದಿನ ತ್ರೈಮಾಸಿಕದಲ್ಲಿ ಟೀಮುಗಳನ್ನು 'ರೀಅಲೈನ್' ಮಾಡಲಾಗುವುದು, ಸಂಪನ್ಮೂಲಗಳನ್ನು 'ಆಪ್ಟಿಮೈಸ್' ಮಾಡಲಾಗುವುದು ಎಂದೆ. ಅವರು ಅದನ್ನು ಬಹಳ ಚೆನ್ನಾಗಿ ಮಾತಾಡಿದರು. ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆದರು. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದರು. ಮುಂದಿನ ಸಾಲಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಒಂದು ಕ್ರಿಕೆಟ್ ಜೋಕು ಹೊಡೆದರು. ಕೊನೆಗೆ ಚಪ್ಪಾಳೆ ಬಿತ್ತು.

ಪ್ಯಾಂಟ್ರಿಯಲ್ಲಿ ಕಾಫಿ ಹಿಡಿದು ನಿಂತಿದ್ದಾಗ ನಮ್ಮ ಟೀಮಿನ ಹಾವೇರಿ ಹುಡುಗ ಬಂದ. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. "ಅಣ್ಣಾ, ಅಷ್ಟೊತ್ತು ಮಾತಾಡಿದ್ರಲ್ಲ, ಕಡೀಕ್ ಹೇಳಿದ್ದೇನ್ರಿ ಅವ್ರು?"

"ಏನಿಲ್ಲ ಬಿಡೋ, ಮಾಮೂಲಿ" ಅಂದೆ.

ಆ ವಾರವೇ ಅವನು ವಿಜಯನಗರದಲ್ಲಿ ಲೀಸಿಗೆ ಮನೆ ಹಿಡಿದ. ಊರಿಂದ ಅಪ್ಪ-ಅಮ್ಮನನ್ನು ಕರೆಸಿಕೊಳ್ಳುವ ಆಸೆ. 8 ಲಕ್ಷ ರೂಪಾಯಿ ಲೀಸು. ಅದರಲ್ಲಿ ಹೆಚ್ಚಿನದು ಸಾಲ. ಮೂರು ವಾರದ ನಂತರ ಬಂದ ಪಟ್ಟಿಯಲ್ಲಿ ಅವನ ಹೆಸರಿತ್ತು. ಲ್ಯಾಪ್‌ಟಾಪು, ಐಡಿ ಕಾರ್ಡು ಒಪ್ಪಿಸಿ ಹೋಗುವಾಗ ಅವನು ಕೂಗಾಡಲಿಲ್ಲ. "ಅವತ್ತ ಗೊತ್ತಿತ್ತೇನ್ರಿ ನಿಮಗ?" ಅಂತ ಒಂದು ಪ್ರಶ್ನೆ ಕೇಳಿದ, ಅಷ್ಟೆ. ನಾನು ಇಲ್ಲ ಅಂದೆ.

ಭಾಷಣ ಕಲೆಯ ಬಗ್ಗೆ ಬರೆಯೋಣ ಅಂತ ಕೂತಾಗಲೆಲ್ಲ ನನಗೆ ಆ 38 ನಿಮಿಷ ಅಡ್ಡ ಬರುತ್ತೆ. ಯಾಕಂದ್ರೆ ಸ್ಪೀಕಿಂಗ್ ಕ್ಲಾಸುಗಳು ಹೇಳಿಕೊಡುವ ಯಾವ ಪರೀಕ್ಷೆ ಇಟ್ಟರೂ ಆ ಭಾಷಣ ಡಿಸ್ಟಿಂಕ್ಷನ್‌ನಲ್ಲಿ ಪಾಸು. ಧ್ವನಿಯ ಏರಿಳಿತ, ಸರಿ. ಕೈಸನ್ನೆ, ಸರಿ. ಆರಂಭದಲ್ಲಿ ಕತೆ, ನಡುವೆ ಮೂರು ಅಂಶ, ಕೊನೆಯಲ್ಲಿ ಕರೆ, ಎಲ್ಲ ಸರಿ. ಆದರೂ ಕೇಳಿದವನೊಬ್ಬ ಹೊರಗೆ ಬಂದು "ಹೇಳಿದ್ದೇನು" ಅಂತ ಕೇಳುತ್ತಾನೆ ಅಂದ್ರೆ ತಪ್ಪು ಎಲ್ಲೋ ಬೇರೆ ಕಡೆ ಇದೆ.

ನಾನೂ ಒಂದು ವರ್ಷ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೋಗಿದ್ದೆ. ಬೆಂಗಳೂರಿನ ಅನೇಕ ಟೆಕ್ ಪಾರ್ಕುಗಳಲ್ಲಿ ಇದು ನಿಮಗೂ ಪರಿಚಿತ. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಅನಾ ಎಂಬ ಊರಿನ ವೈಎಂಸಿಎ ಕಟ್ಟಡದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬವರು ಶುರು ಮಾಡಿದ್ದು. ಐದರಿಂದ ಏಳು ನಿಮಿಷದ ಭಾಷಣ; ಐದಕ್ಕೆ ಹಸಿರು ದೀಪ, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ನಾವು ಎಷ್ಟು ಸಲ 'ಆ', 'ಊಂ', 'ಅಂದ್ರೆ' ಅಂದೆವು ಅಂತ ಎಣಿಸೋದಕ್ಕೇ ಒಬ್ಬರು ಇರುತ್ತಾರೆ. ಹೀಗಳೆಯೋದಕ್ಕೆ ಹೇಳ್ತಿಲ್ಲ. ಮೈಕು ಕಂಡರೆ ಬೆವರುತ್ತಿದ್ದ ನನ್ನನ್ನು ಎದ್ದು ನಿಲ್ಲಿಸಿದ್ದು ಆ ದೀಪಗಳೇ. ಆದರೆ ದೀಪ ಸಮಯವನ್ನು ಅಳೆಯಬಲ್ಲದು, 'ಊಂ' ಎಣಿಸುವವರು 'ಊಂ' ಎಣಿಸಬಲ್ಲರು. ಮಾತಾಡುತ್ತಿರುವವನು ಏನನ್ನು ಮುಚ್ಚಿಡುತ್ತಿದ್ದಾನೆ ಅಂತ ಎಣಿಸೋದಕ್ಕೆ ಯಾವ ಕ್ಲಬ್ಬಿನಲ್ಲೂ ಒಂದು ಹುದ್ದೆ ಇಲ್ಲ.

ಹಾಗಂತ ಇದು ಇಂಗ್ಲಿಷ್ ಕಾರ್ಪೊರೇಟ್ ಜನರ ರೋಗ, ನಮ್ಮ ಕನ್ನಡ ವೇದಿಕೆ ಅಪ್ಪಟ ಚಿನ್ನ ಅಂತೇನೂ ಅಲ್ಲ. ನವೆಂಬರ್ ತಿಂಗಳಲ್ಲಿ ಯಾವುದಾದರೂ ಆಫೀಸಿನ ರಾಜ್ಯೋತ್ಸವಕ್ಕೆ ಹೋಗಿ ನೋಡಿ. ವೇದಿಕೆ ಮೇಲಿರುವ ಏಳು ಜನರ ಹೆಸರು, ಅವರ ಹುದ್ದೆ, ಅವರ ಬಿರುದು ಹೇಳೋ ಹೊತ್ತಿಗೆ ನಾಲ್ಕು ನಿಮಿಷ ಹೋಗಿರುತ್ತೆ. "ನನಗಿಂತ ಮುಂಚೆ ಮಾತಾಡಿದ ಗಣ್ಯರು ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ" ಅಂತಾರೆ, ಆದರೆ ಕೂರೋದಿಲ್ಲ. "ಎರಡೇ ಎರಡು ಮಾತು" ಅಂತಾರೆ, ಹಿಂದಿನ ಸಾಲಿನವರು ಊಟದ ಕೌಂಟರ್ ಕಡೆ ನೋಡೋಕೆ ಶುರು ಮಾಡುತ್ತಾರೆ. ನಾಡು-ನುಡಿ, ನೆಲ-ಜಲ, ಉಳಿಸಿ-ಬೆಳೆಸಿ, ಪದಗಳು ಜೋಡಿ ಜೋಡಿಯಾಗಿ ಬಂದು ಹೋಗುತ್ತವೆ. ಎಲ್ಲರೂ "ಕಾರ್ಯೋನ್ಮುಖರಾಗೋಣ" ಅನ್ನುವಲ್ಲಿಗೆ ಮುಗಿಯುತ್ತೆ. ಯಾವ ಕಾರ್ಯ? ಸೋಮವಾರ ಬೆಳಗ್ಗೆ ಬಂದು ನಾನು ಮಾಡಬೇಕಾದ್ದೇನು? ಗೊತ್ತಿಲ್ಲ. 'ಲೆವರೇಜ್' ಮತ್ತು 'ಕಾರ್ಯೋನ್ಮುಖ' ಎರಡೂ ಒಂದೇ ಗಿರಣಿಯ ಹಿಟ್ಟು.

ಕನ್ನಡದ ಭಾಷಣವನ್ನು, ಅದಕ್ಕಿಂತ ಹೆಚ್ಚಾಗಿ ಕನ್ನಡದ ಪ್ರಕಟಣೆಗಳನ್ನು ಕೆಡಿಸಿರುವ ಇನ್ನೊಂದು ಸಣ್ಣ ಬಾಲ ಇದೆ. 'ಲಾಗುವುದು'. ಕ್ರಮ ಕೈಗೊಳ್ಳಲಾಗುವುದು, ಪರಿಶೀಲಿಸಲಾಗುವುದು, ದುರಸ್ತಿ ಮಾಡಲಾಗುವುದು. ಮನೆಯಲ್ಲಿ ಯಾರೂ ಹೀಗೆ ಮಾತಾಡೋದಿಲ್ಲ. "ಸಂಜೆ ಹಾಲು ತರಲಾಗುವುದು" ಅಂತ ನಾನು ಒಮ್ಮೆ ತಮಾಷೆಗೆ ಅಮ್ಮನಿಗೆ ಹೇಳಿದೆ. ಅವಳು ತಿರುಗಿ ಕೇಳಿದ್ದು ಒಂದೇ ಮಾತು: "ಯಾರು ತರೋದು?" ವ್ಯಾಕರಣದ ಪಾಠ ಅಲ್ಲಿಗೆ ಮುಗಿಯಿತು. 'ಲಾಗುವುದು' ಬಂದ ಕೂಡಲೇ ಮಾಡುವವನು ವಾಕ್ಯದಿಂದ ಎದ್ದು ಹೊರಗೆ ಹೋಗಿಬಿಡುತ್ತಾನೆ. ನನ್ನ ಸ್ಕ್ರಿಪ್ಟಿನಲ್ಲಿ ಅದು ಎಷ್ಟು ಸಲ ಬಂದಿತ್ತು ಅಂತ ಆಮೇಲೆ ಎಣಿಸಿದೆ. ಹನ್ನೊಂದು ಸಲ. ಕೆಲಸದಿಂದ ತೆಗೆಯುವವರು ಯಾರು ಎಂಬುದು ಹನ್ನೊಂದು ವಾಕ್ಯಗಳಲ್ಲಿ ಒಂದರಲ್ಲೂ ಇರಲಿಲ್ಲ.

ಹಾಗಿದ್ರೆ ಸ್ಪಷ್ಟವಾದ ಭಾಷಣ ಅಂದ್ರೆ ಹೇಗಿರುತ್ತೆ? "ಚಿಕ್ಕದಾಗಿ ಮಾತಾಡಿ" ಅನ್ನೋದು ಎಲ್ಲರ ಮೊದಲ ಸಲಹೆ. ಅದಕ್ಕೆ ಸಾಕ್ಷಿಯಾಗಿ ಲಿಂಕನ್‌ನನ್ನು ಕರೆತರುತ್ತಾರೆ. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದ, ಲಿಂಕನ್ ಎರಡೇ ನಿಮಿಷ. ಜಗತ್ತು ನೆನಪಿಟ್ಟುಕೊಂಡಿದ್ದು ಎರಡು ನಿಮಿಷವನ್ನು. ಎವರೆಟ್ ಕೂಡ ಮರುದಿನವೇ ಕಾಗದ ಬರೆದು ಅದನ್ನು ಒಪ್ಪಿಕೊಂಡ. ಕತೆ ನಿಜ, ಚೆನ್ನಾಗಿಯೂ ಇದೆ. ಆದರೆ ಎಲ್ಲ ವಿಷಯವೂ ಎರಡು ನಿಮಿಷದಲ್ಲಿ ಮುಗಿಯೋದಿಲ್ಲ. ಅದಕ್ಕೇ ನಾನು ಬೇರೆಯೇ ಒಂದು ಭಾಷಣವನ್ನು ಮುಂದಿಡ್ತೀನಿ. ಚಿಕ್ಕದಲ್ಲ. ಚಪ್ಪಾಳೆಗಾಗಿ ಮಾಡಿದ್ದೂ ಅಲ್ಲ.

1949ರ ನವೆಂಬರ್ 25. ಸಂವಿಧಾನ ಅಂಗೀಕಾರವಾಗುವ ಹಿಂದಿನ ದಿನ. ಸಂವಿಧಾನ ಸಭೆಯಲ್ಲಿ ಕರಡು ಸಮಿತಿಯ ಅಧ್ಯಕ್ಷ ಅಂಬೇಡ್ಕರ್ ಎದ್ದು ನಿಲ್ಲುತ್ತಾರೆ. ಮಾತಾಡಿದ್ದು ಇಂಗ್ಲಿಷಿನಲ್ಲಿ. ಸಭೆಯ ನಡಾವಳಿಗಳಲ್ಲಿ ಪೂರ್ತಿ ಅಚ್ಚಾಗಿದೆ, ಯಾರು ಬೇಕಾದರೂ ಓದಬಹುದು. ನಾನು ಓದಿದ್ದೂ ಅಚ್ಚಿನಲ್ಲೇ. ಅವರ ಧ್ವನಿ, ನಿಲುಗಡೆ, ಕೈಸನ್ನೆ ಯಾವುದೂ ನನಗೆ ಸಿಕ್ಕಿಲ್ಲ. ಕ್ಲಾಸಿನಲ್ಲಿ ಕಲಿಸುವ ಅರ್ಧ ಪಾಠ ಇಲ್ಲಿ ಕಾಣೋದೇ ಇಲ್ಲ. ಆದರೂ ಓದಿ ಮುಗಿಸಿದ ಮೇಲೆ ಏನು ಹೇಳಿದರು ಅಂತ ನಾನು ಯಾರನ್ನೂ ಕೇಳಬೇಕಾಗಲಿಲ್ಲ.

ಮೊದಲ ಭಾಗ ಆಪಾದನೆಗಳಿಗೆ ಉತ್ತರ. ಸಂವಿಧಾನ ಬರೆಯೋಕೆ ತಡವಾಯ್ತು, ದುಡ್ಡು ದಂಡವಾಯ್ತು ಅಂತ ಹೊರಗೆ ಮಾತಿತ್ತು. ಅವರು "ನಾವು ಹಗಲಿರುಳು ಶ್ರಮಿಸಿದೆವು" ಅನ್ನೋದಿಲ್ಲ. ಲೆಕ್ಕ ಕೊಡುತ್ತಾರೆ. ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9ಕ್ಕೆ. ಆಗಿದ್ದು 2 ವರ್ಷ, 11 ತಿಂಗಳು, 17 ದಿನ. ಅಮೆರಿಕಕ್ಕೆ ನಾಲ್ಕು ತಿಂಗಳು ಸಾಕಾಯ್ತು, ಕೆನಡಾಕ್ಕೆ 2 ವರ್ಷ 5 ತಿಂಗಳು, ಆಸ್ಟ್ರೇಲಿಯಾಕ್ಕೆ ಒಂಬತ್ತು ವರ್ಷ. ನಮ್ಮದರಲ್ಲಿ 395 ವಿಧಿಗಳಿವೆ. ಸೂಚನೆ ಬಂದ ತಿದ್ದುಪಡಿಗಳು 7,635. ಅವುಗಳಲ್ಲಿ ಸಭೆಯಲ್ಲಿ ಮಂಡಿಸಿದ್ದು 2,473. ಈಗ ನೀವೇ ಹೇಳಿ, ತಡವೇ? ಗಮನಿಸಿ, ತಮ್ಮ ವಾದಕ್ಕೆ ತೊಡಕಾಗುವ ಅಮೆರಿಕದ ನಾಲ್ಕು ತಿಂಗಳನ್ನು ಅವರು ಬಚ್ಚಿಡುವುದಿಲ್ಲ. ನಮ್ಮ ಸ್ಲೈಡುಗಳಲ್ಲಿ ಅಂಥ ಸಂಖ್ಯೆ ಅಪೆಂಡಿಕ್ಸ್‌ಗೆ ಹೋಗುತ್ತೆ.

ಒಬ್ಬ ಸದಸ್ಯರು ಡ್ರಾಫ್ಟಿಂಗ್ ಕಮಿಟಿಯನ್ನು 'ಡ್ರಿಫ್ಟಿಂಗ್ ಕಮಿಟಿ' ಅಂತ ಕರೆದಿದ್ದರು. ಗೊತ್ತುಗುರಿಯಿಲ್ಲದೆ ತೇಲುವ ಸಮಿತಿ ಅಂತ ಚುಚ್ಚು. ಅಂಬೇಡ್ಕರ್ ಸಿಟ್ಟಾಗೋದಿಲ್ಲ. ಆ ಪದವನ್ನೇ ಎತ್ತಿಕೊಂಡು, ತೇಲಿದ್ದು ಹೌದು ಅಂತಲೇ ಇಟ್ಟುಕೊಳ್ಳಿ, ಆದರೆ ಗೊತ್ತಿರುವ ನೀರಿನಲ್ಲಿ, ಬೇಕಾದ ಮೀನನ್ನೇ ಹುಡುಕಿಕೊಂಡು ತೇಲಿದೆವು ಎಂಬರ್ಥದಲ್ಲಿ ಉತ್ತರಿಸುತ್ತಾರೆ. ಹಾಸ್ಯವೂ ಆಯ್ತು, ಉತ್ತರವೂ ಆಯ್ತು. ನಮ್ಮ ಕ್ರಿಕೆಟ್ ಜೋಕಿಗೆ ವಿಷಯದ ಜೊತೆ ಯಾವ ಸಂಬಂಧವೂ ಇರಲಿಲ್ಲ. ಇಲ್ಲಿ ನಗುವೇ ವಾದದ ಒಂದು ಮೆಟ್ಟಿಲು.

ಶ್ರೇಯಸ್ಸು ಹಂಚುವ ಭಾಗವನ್ನು ಪ್ರತಿಯೊಬ್ಬ ಮ್ಯಾನೇಜರೂ ಓದಬೇಕು. "ಇಡೀ ತಂಡಕ್ಕೆ ಧನ್ಯವಾದ" ಅಂತ ಬಾಯಿ ತೊಳೆದುಕೊಳ್ಳುವುದಿಲ್ಲ. ಸಂವಿಧಾನದ ಮೊದಲ ಕಚ್ಚಾ ಕರಡು ಬೆನಗಲ್ ನರಸಿಂಗ ರಾಯರದ್ದು ಎನ್ನುತ್ತಾರೆ, ನಮ್ಮ ದಕ್ಷಿಣ ಕನ್ನಡದ ಮನೆತನದವರು. ಇನ್ನೂ ಹೆಚ್ಚಿನ ಪಾಲು ಎಸ್.ಎನ್. ಮುಖರ್ಜಿ ಎಂಬ ಕರಡುಗಾರರಿಗೆ. ಯಾಕೆ ಅಂತಲೂ ಹೇಳುತ್ತಾರೆ: ಅತ್ಯಂತ ತೊಡಕಿನ ವಿಚಾರವನ್ನು ಅತ್ಯಂತ ಸರಳ, ಸ್ಪಷ್ಟ ಕಾನೂನಿನ ಮಾತಿನಲ್ಲಿ ಇಡುವ ಶಕ್ತಿ ಅವರಿಗಿತ್ತು. ದೇಶದ ಅತಿ ದೊಡ್ಡ ದಸ್ತಾವೇಜು ಮುಗಿದ ದಿನ, ಸ್ಪಷ್ಟವಾಗಿ ಬರೆದ ಒಬ್ಬ ಅಧಿಕಾರಿಯ ಹೆಸರು ಹೇಳಿ ಹೊಗಳಿದ್ದಾರೆ. ತಮ್ಮನ್ನು ಹೆಜ್ಜೆಹೆಜ್ಜೆಗೂ ಕಾಡಿದ ಸದಸ್ಯರಿಗೂ ಹೆಸರು ಹಿಡಿದೇ ಕೃತಜ್ಞತೆ ಇದೆ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರಲ್ಲೊಬ್ಬರು. ಎಲ್ಲರೂ ಹೂಂಗುಟ್ಟುವವರೇ ಆಗಿದ್ದರೆ ಸಭೆ ಸಪ್ಪೆಯಾಗುತ್ತಿತ್ತು ಎಂಬುದು ಅವರ ಲೆಕ್ಕ.

ಕೊನೆಯ ಭಾಗ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಮೂರು ಎಚ್ಚರಿಕೆಗಳು. ಸಂವಿಧಾನಬದ್ಧ ದಾರಿ ತೆರೆದಿರುವಾಗ ಕಾನೂನುಭಂಗ, ಸತ್ಯಾಗ್ರಹಗಳನ್ನು ಬಿಡಬೇಕು. ಅದು ಅರಾಜಕತೆಯ ವ್ಯಾಕರಣ ಅನ್ನುತ್ತಾರೆ. ಸತ್ಯಾಗ್ರಹ ಮಾಡಿ ಜೈಲಿಗೆ ಹೋಗಿ ಬಂದವರು ಎದುರಿಗೇ ಕೂತಿದ್ದ ಸಭೆ ಅದು. ಎರಡನೆಯದು ವ್ಯಕ್ತಿಪೂಜೆ. ಇಂಗ್ಲಿಷ್ ಮಾತಿನ ನಡುವೆ 'ಭಕ್ತಿ' ಎಂಬ ನಮ್ಮ ಪದವನ್ನೇ ತಂದಿಡುತ್ತಾರೆ. ಧರ್ಮದಲ್ಲಿ ಅದು ಮುಕ್ತಿಯ ದಾರಿ ಇರಬಹುದು, ರಾಜಕೀಯದಲ್ಲಿ ಪತನಕ್ಕೂ ಸರ್ವಾಧಿಕಾರಕ್ಕೂ ದಾರಿ ಎಂಬುದು ಅವರ ಮಾತಿನ ಸಾರ. ಆ ಜಾಗದಲ್ಲಿ ಬೇರೆ ಯಾವ ಪದ ಇಟ್ಟಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಕೇಳುವವರ ಎದೆಯಲ್ಲಿ ಆಗಲೇ ಇರುವ ಪದ ಯಾವುದೋ ಅದೇ ಸ್ಪಷ್ಟ ಪದ. ಇಂಗ್ಲಿಷಾ, ಕನ್ನಡವಾ, ಸಂಸ್ಕೃತವಾ ಎಂಬ ನಮ್ಮ ಜಗಳ ಆಮೇಲಿನದು.

ಮೂರನೆಯದು ಬಹಳ ಭಾರದ್ದು. 1950ರ ಜನವರಿ 26ರಂದು ನಾವು ವೈರುಧ್ಯಗಳ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತೆ. ಇದನ್ನು ಹೇಳಿ, ಇದು ಎಷ್ಟು ಕಾಲ ಅಂತ ಕೇಳುತ್ತಾರೆ. ಒಂದಲ್ಲ, ಎರಡು ಸಲ.

ಈ ಭಾಗದಲ್ಲಿ ನನಗೆ ಕಂಡ ಕಸುಬು ಇಷ್ಟು. ಒಂದು, ಅವರು 'ಮುಂಬರುವ ದಿನಗಳಲ್ಲಿ' ಅನ್ನೋದಿಲ್ಲ, ತಾರೀಖು ಹೇಳುತ್ತಾರೆ. ಎರಡು, ವಾಕ್ಯದಲ್ಲಿ 'ನಾವು' ಇದೆ. ನಾವು ಕಾಲಿಡುತ್ತೇವೆ, ನಾವು ಮಾಡಬೇಕು. 'ಲಾಗುವುದು' ಇಲ್ಲ. ಮೂರು, ಒಂದು ಕಡೆ ಸಮಾನತೆ, ಇನ್ನೊಂದು ಕಡೆ ಅಸಮಾನತೆ ಅಂತ ಎರಡು ತಕ್ಕಡಿ ಎದುರುಬದುರು ಇಟ್ಟ ಮೇಲೆ ವಿಶೇಷಣ ಬೇಕಾಗೋದಿಲ್ಲ, ಓಲಾಟ ಕಣ್ಣಿಗೇ ಕಾಣುತ್ತೆ. ನಾಲ್ಕು, ಹಬ್ಬದ ಮುನ್ನಾದಿನ ಹಬ್ಬದ ಮನೆಯವರಿಗೇ ಹಿತವಲ್ಲದ ಮಾತನ್ನು ಹೇಳಿದ್ದಾರೆ. ಮೊದಲ ಮೂರನ್ನು ಕ್ಲಾಸಿನಲ್ಲಿ ಕಲಿಸಬಹುದು. ನಾಲ್ಕನೆಯದನ್ನು ಹೇಗೆ ಕಲಿಸೋದು ಅಂತ ನನಗೆ ಹೊಳೆಯುತ್ತಿಲ್ಲ. ಆದರೆ ಅದು ಇಲ್ಲದಿದ್ದರೆ ಮೊದಲ ಮೂರು ಬರೋದೇ ಇಲ್ಲ ಎಂಬುದು ನನ್ನ ಅನುಮಾನ. ತಾರೀಖು ಯಾಕೆ ಹೇಳೋದಿಲ್ಲ ನಾವು? ಗೊತ್ತಿಲ್ಲ ಅಂತಲ್ಲ. ಹೇಳಿದರೆ ಅದಕ್ಕೆ ಕಟ್ಟುಬೀಳಬೇಕಾಗುತ್ತೆ ಅಂತ.

ಈ ಭಾಷಣದಲ್ಲಿ ಕೊರತೆಯೇ ಇಲ್ಲ ಅಂತ ನಾನು ಹೇಳ್ತಿಲ್ಲ. ಇವತ್ತು ಓದುವವರಿಗೆ ಮೊದಲರ್ಧದ ಅಂಕಿ-ಅಂಶ ಆಯಾಸ ತರಿಸುತ್ತೆ. ಕೇಂದ್ರ-ರಾಜ್ಯಗಳ ಅಧಿಕಾರ ಹಂಚಿಕೆಯ ಭಾಗಕ್ಕೆ ಬಂದಾಗ ನಾನೂ ಒಮ್ಮೆ ಎದ್ದು ಚಹಾ ಮಾಡಿಕೊಂಡು ಬಂದೆ. ಆದರೆ ಎದುರಿಗಿದ್ದವರು ಅದೇ ಪ್ರಶ್ನೆ ಎತ್ತಿದವರು, ಅವರಿಗೆ ಅದೇ ಉತ್ತರ ಬೇಕಿತ್ತು. ಉದ್ದವೋ ಗಿಡ್ಡವೋ ಎಂಬುದು ಗಡಿಯಾರ ನೋಡಿ ತೀರ್ಮಾನ ಆಗೋದಿಲ್ಲ. ಕೇಳುವವನ ಪ್ರಶ್ನೆ ಎಷ್ಟು ದೊಡ್ಡದೋ ಉತ್ತರವೂ ಅಷ್ಟು ದೊಡ್ಡದು. ನಮ್ಮ ಟೌನ್‌ಹಾಲಿನಲ್ಲಿ ಕೇಳುವವರ ಪ್ರಶ್ನೆ ಐದು ಪದದ್ದು: "ನನ್ನ ಕೆಲಸ ಇರುತ್ತಾ, ಹೋಗುತ್ತಾ, ಯಾವಾಗ?" ಅದಕ್ಕೆ ನಾವು 38 ನಿಮಿಷ ಉತ್ತರ ಕೊಡದೆ ಮಾತಾಡಿದೆವು.

"ನೀವು ಹೇಳೋದು ಸುಲಭ, ಕಂಪನಿಯಲ್ಲಿ ಎಲ್ಲ ಬಾಯಿಬಿಟ್ಟು ಹೇಳೋಕಾಗುತ್ತಾ? ಲೀಗಲ್ ಟೀಮ್ ಇರುತ್ತೆ" ಅಂತ ನನ್ನ ಗೆಳೆಯನೊಬ್ಬ ವಾದ ಮಾಡುತ್ತಾನೆ. ನ್ಯಾಯವಾದ ಮಾತು. ಹೇಳಲಾಗದ್ದು ಇರುತ್ತೆ. ಆಗ "ಇದನ್ನು ಈಗ ಹೇಳೋಕೆ ಆಗಲ್ಲ, ಇಂಥ ದಿನ ಹೇಳ್ತೀನಿ" ಅನ್ನಬಹುದು. ಅದೂ ಸ್ಪಷ್ಟ ಮಾತೇ. ಅಷ್ಟು ಹೇಳಿದ್ದರೂ ಆ ಹುಡುಗ ಲೀಸಿನ ದುಡ್ಡು ಕೊಡೋ ಮುಂಚೆ ಒಂದು ತಿಂಗಳು ಕಾಯುತ್ತಿದ್ದ. ಗುಟ್ಟು ಇಟ್ಟುಕೊಳ್ಳೋದು ಬೇರೆ, ಗುಟ್ಟೇ ಇಲ್ಲ ಅನ್ನೋ ಹಾಗೆ ಮಾತಾಡೋದು ಬೇರೆ.

ಕಳೆದ ವರ್ಷ ನನ್ನ ಸರದಿ ಬಂತು. ಈಗ ನಾನು ಬೇರೆ ಕಡೆ ಕೆಲಸ ಮಾಡ್ತೀನಿ. ನಮ್ಮ ಪ್ರಾಜೆಕ್ಟ್ ನಿಲ್ಲುವುದಿತ್ತು, ಟೀಮಿಗೆ ನಾನೇ ಹೇಳಬೇಕಿತ್ತು. ಒಂದು ಚೀಟಿಯಲ್ಲಿ ಮೂರು ವಾಕ್ಯ ಬರೆದುಕೊಂಡೆ. "ಮಾರ್ಚ್ 31ಕ್ಕೆ ಈ ಪ್ರಾಜೆಕ್ಟ್ ನಿಲ್ಲುತ್ತೆ. ನಮ್ಮ 11 ಜನರಲ್ಲಿ 4 ಜನಕ್ಕೆ ಇನ್ನೂ ಬೇರೆ ಜಾಗ ಸಿಕ್ಕಿಲ್ಲ. ಯಾರು ಅಂತ ಇವತ್ತು ಸಂಜೆಯೊಳಗೆ ಒಬ್ಬೊಬ್ಬರಿಗೇ ನಾನೇ ಹೇಳ್ತೀನಿ." ಇಷ್ಟನ್ನು ಹೇಳೋಕೆ ನನ್ನ ಧ್ವನಿ ನಡುಗಿತು. 'ಅಂದ್ರೆ' ಅನ್ನೋದು ಎಷ್ಟು ಸಲ ಬಂತೋ. ಯಾರ ಕಣ್ಣಲ್ಲೂ ಕಣ್ಣಿಟ್ಟು ನೋಡಲಾಗಲಿಲ್ಲ. ಕ್ಲಬ್ಬಿನವರು ಇದ್ದಿದ್ದರೆ ನಪಾಸು ಮಾಡುತ್ತಿದ್ದರು. ಚಪ್ಪಾಳೆ ಬೀಳಲಿಲ್ಲ. ಆದರೆ ಆಮೇಲೆ ಮುಕ್ಕಾಲು ಗಂಟೆ ಪ್ರಶ್ನೆಗಳು ಬಂದವು: ನೋಟಿಸ್ ಅವಧಿ ಎಷ್ಟು, ಇನ್ಶೂರೆನ್ಸ್ ಯಾವತ್ತಿನವರೆಗೆ, ಅನುಭವ ಪತ್ರ ಯಾರು ಕೊಡ್ತಾರೆ. ಒಬ್ಬರೂ ಹೇಳಿದ್ದೇನು ಅಂತ ಕೇಳಲಿಲ್ಲ.

ಇದನ್ನು ಬರೆದು ಮುಗಿಸೋ ಮುಂಚೆ ಹಾವೇರಿ ಹುಡುಗನಿಗೆ ಫೋನ್ ಮಾಡಿದೆ. ಈಗ ಹುಬ್ಬಳ್ಳಿಯಲ್ಲಿದ್ದಾನೆ. ಲೀಸಿನ ದುಡ್ಡು ವಾಪಸ್ ಬರೋಕೆ ಎಂಟು ತಿಂಗಳು ಹಿಡಿಯಿತಂತೆ. ಆರೋಗ್ಯ, ಮಳೆ, ಅಪ್ಪ-ಅಮ್ಮ ಎಲ್ಲ ವಿಚಾರಿಸಿದೆ. ಆಮೇಲೆ ಹೇಳಿದೆ: "ನೀನು ಕೇಳಿದ್ದೆಯಲ್ಲ, ನನಗೆ ಅವತ್ತೇ ಗೊತ್ತಿತ್ತು."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

"ಇಷ್ಟ ಹೇಳಾಕ ಎರಡ ವರ್ಷ ಬೇಕಾತೇನ್ರಿ ಅಣ್ಣಾ?"